ಮೊಬೈಲ್‌ನಿಂದ ಮನೆಮಂದಿಯ ಬುದ್ಧಿ ಮಂಕಾಗುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಇದ್ದೇವೆ. ತಾಯಿಗೆ 72 ವರ್ಷ. ಓದು, ಮಾತು, ಚರ್ಚೆ ಎಂದರೆ ಸದಾ ಮುಂದಿರುತ್ತಿದ್ದವರು ಈಚೆಗೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ದಿನವಿಡೀ ಮೊಬೈಲ್‌ನಲ್ಲಿ ವಿಡಿಯೊ ನೋಡುತ್ತಾರೆ, ಹೇಳಿದ್ದನ್ನು ಮರೆಯುತ್ತಾರೆ. 15 ವರ್ಷದ ಮಗ ಲೆಕ್ಕದಿಂದ ಹಿಡಿದು ಪ್ರಬಂಧದವರೆಗೆ ಎಲ್ಲವನ್ನೂ ಎಐಗೆ ಕೇಳಿ ಬರೆಯುತ್ತಾನೆ. ಹೋಂವರ್ಕ್‌ನಲ್ಲಿ ಒಳ್ಳೆಯ ಅಂಕ, ಪರೀಕ್ಷೆಯಲ್ಲಿ ಮಾತ್ರ ತೀರಾ ಕಡಿಮೆ. ಎರಡೂವರೆ ವರ್ಷದ ಮಗಳಿಗೆ ಮೊಬೈಲ್ ಕೊಡದಿದ್ದರೆ ಅಳು. ಓರಗೆಯ ಮಕ್ಕಳಷ್ಟು ಮಾತೂ ಬಂದಿಲ್ಲ. ನಾನೂ ನನ್ನ ಪತಿಯೂ ಕೆಲಸ ಮುಗಿಸಿ ಬಂದ ಮೇಲೆಯೂ ಕಚೇರಿಯ ಸಂದೇಶಗಳನ್ನು ನೋಡುತ್ತಲೇ ಇರುತ್ತೇವೆ. ಸಂಜೆ ಐವರೂ ಒಂದೇ ಕೋಣೆಯಲ್ಲಿದ್ದರೂ ಮಾತಿಲ್ಲ. ಹೊಸ ಪೀಳಿಗೆಯ ಬುದ್ಧಿಶಕ್ತಿ ಇಳಿಯುತ್ತಿದೆ, ಮಿದುಳೇ ಬದಲಾಗುತ್ತಿದೆ, ಇದು ಮುಂದಿನ ಪೀಳಿಗೆಗೂ ಹರಿದು ಹೋಗುತ್ತದೆ ಎಂದು ನನ್ನ ಅಣ್ಣ ಹೇಳುತ್ತಾನೆ. ಇದು ನಿಜವೇ? ಎಲ್ಲರ ಮೊಬೈಲನ್ನೂ ಕಿತ್ತಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಲ್ಲ, ನಾಲ್ಕು ಪ್ರಶ್ನೆಗಳಿವೆ. ಒಂದು ಇಡೀ ಪೀಳಿಗೆಯ ಬುದ್ಧಿಶಕ್ತಿಯ ಬಗ್ಗೆ, ಉಳಿದ ಮೂರು ನಿಮ್ಮ ತಾಯಿ, ಮಗ ಮತ್ತು ಮಗಳ ಬಗ್ಗೆ. ಮೊದಲನೆಯದನ್ನು ಕುರಿತು ಲೋಕದಲ್ಲಿ ಬಹಳ ಚರ್ಚೆಯಾಗುತ್ತದೆ, ಆದರೆ ನಿಮ್ಮ ಮನೆಗೆ ತುರ್ತಾಗಿ ಬೇಕಾಗಿರುವುದು ಉಳಿದ ಮೂರಕ್ಕೆ ಉತ್ತರ. ಬುದ್ಧಿಶಕ್ತಿ ಮತ್ತು ನೆನಪಿನ ಪರೀಕ್ಷೆಗಳನ್ನು ನಡೆಸುವುದೇ ನನ್ನ ವೃತ್ತಿಯಾದ್ದರಿಂದ ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಮೊಬೈಲ್ ತಾನಾಗಿಯೇ ಮನುಷ್ಯರ ಬುದ್ಧಿಯನ್ನು ಕುಗ್ಗಿಸುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಅದು ಯಾವ ಅಭ್ಯಾಸದ, ಯಾವ ಮಾತುಕತೆಯ ಜಾಗವನ್ನು ತೆಗೆದುಕೊಂಡಿದೆ ಎಂಬುದರ ಮೇಲೆ ಹಾನಿಯೂ ಲಾಭವೂ ನಿಂತಿವೆ. ಆ ಜಾಗ ನಿಮ್ಮ ಮಗಳಿಗೆ ಒಂದು, ಮಗನಿಗೆ ಇನ್ನೊಂದು, ತಾಯಿಯವರಿಗೆ ಮತ್ತೊಂದು. ಆದ್ದರಿಂದ ಮೂವರಿಗೂ ಒಂದೇ ಮದ್ದು ಕೆಲಸ ಮಾಡುವುದಿಲ್ಲ.

ನಿಮ್ಮ ಅಣ್ಣನವರ ಮಾತಿನಲ್ಲಿ ಸತ್ಯದ ಒಂದು ಎಳೆ ಇದೆ. ಇಪ್ಪತ್ತನೆಯ ಶತಮಾನದ ಬಹುಪಾಲು ಅವಧಿಯಲ್ಲಿ ಬುದ್ಧ್ಯಂಕ ಏರುತ್ತಲೇ ಇತ್ತು. ನ್ಯೂಜಿಲೆಂಡ್‌ನ ಸಂಶೋಧಕ ಜೇಮ್ಸ್ ಫ್ಲಿನ್ ಇದನ್ನು ಸ್ಪಷ್ಟವಾಗಿ ತೋರಿಸಿದರು. ಅಮೆರಿಕದಲ್ಲಿ 1932ರಿಂದ 1978ರ ನಡುವೆ ಸರಾಸರಿ ಸುಮಾರು 14 ಅಂಕ ಏರಿದೆಯೆಂದು 1984ರಲ್ಲಿಯೂ, ಇದೇ ಏರಿಕೆ 14 ದೇಶಗಳಲ್ಲಿ ಕಾಣುತ್ತದೆಂದು 1987ರಲ್ಲಿಯೂ ಅವರು ಪ್ರಕಟಿಸಿದರು. ಅಷ್ಟು ಕಡಿಮೆ ಕಾಲದಲ್ಲಿ ವಂಶವಾಹಿಗಳು ಬದಲಾಗುವುದಿಲ್ಲ. ಶಾಲೆ, ಪೋಷಣೆ, ಆರೋಗ್ಯ, ಚಿಕ್ಕ ಕುಟುಂಬ, ಅಮೂರ್ತವಾಗಿ ಯೋಚಿಸುವುದನ್ನು ಬೇಡುವ ಉದ್ಯೋಗಗಳು ಇವೆಲ್ಲ ಸೇರಿ ಅಂಕಗಳನ್ನು ಮೇಲೆತ್ತಿದವು ಎಂಬುದು ಬಹುತೇಕ ಸಂಶೋಧಕರ ನಿಲುವು. ಆಮೇಲೆ ಕೆಲವು ದೇಶಗಳಲ್ಲಿ ಈ ಏರಿಕೆ ನಿಂತಿತು, ಕೆಲವೆಡೆ ಇಳಿಕೆಯೂ ಶುರುವಾಯಿತು. ಇಳಿಕೆ ನಿಜ, ಆದರೆ ಅದರ ಕಾರಣವನ್ನು ಮೊಬೈಲ್‌ ಮೇಲೆ ಹೊರಿಸಲು ಹೊರಟರೆ ದಿನಾಂಕಗಳು ಅಡ್ಡ ಬರುತ್ತವೆ.

ಇದಕ್ಕೆ ಅತ್ಯುತ್ತಮ ಪುರಾವೆ ನಾರ್ವೆಯದು. ಅಲ್ಲಿ ಸೇನೆಗೆ ಕಡ್ಡಾಯವಾಗಿ ಕರೆಸಿಕೊಳ್ಳುವ ಯುವಕರಿಗೆ ಬುದ್ಧಿಶಕ್ತಿ ಪರೀಕ್ಷೆ ನಡೆಸುತ್ತಾರೆ. 1962ರಿಂದ 1991ರವರೆಗೆ ಹುಟ್ಟಿದವರ ಅಂಕಗಳನ್ನು ಬ್ರಾಟ್ಸ್‌ಬರ್ಗ್ ಮತ್ತು ರೋಗೆಬರ್ಗ್ ಎಂಬ ಸಂಶೋಧಕರು ಪರಿಶೀಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 1970ರ ದಶಕದ ನಡುಭಾಗದಲ್ಲಿ ಹುಟ್ಟಿದವರವರೆಗೆ ಅಂಕ ಏರಿ, ಅನಂತರ ಹುಟ್ಟಿದವರಲ್ಲಿ ಇಳಿದಿತ್ತು. ಇಳಿಕೆಯ ಆರಂಭದ ಸಾಲಿನ ಯುವಕರು ಪರೀಕ್ಷೆಗೆ ಕುಳಿತದ್ದು 1990ರ ದಶಕದ ನಡುವಿನಲ್ಲಿ. ಮೊದಲ ಐಫೋನ್ ಬಂದದ್ದು 2007ರಲ್ಲಿ. ಹುಟ್ಟುವ ಮೊದಲೇ ಅಪರಾಧ ಎಸಗಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದ್ದರಿಂದ ಇಳಿಕೆಯ ಮೂಲ ಕಾರಣ ಸ್ಮಾರ್ಟ್‌ಫೋನ್ ಅಲ್ಲ, ಆಮೇಲೆ ಅದು ಏನನ್ನಾದರೂ ಸೇರಿಸಿದೆಯೇ ಎಂಬುದು ಬೇರೆ ಪ್ರಶ್ನೆ.

ಅದೇ ಅಧ್ಯಯನ ನಿಮ್ಮ ಇನ್ನೊಂದು ಭಯಕ್ಕೂ ಉತ್ತರಿಸುತ್ತದೆ. ಏರಿಕೆಯೂ ಇಳಿಕೆಯೂ ಒಂದೇ ಮನೆಯ ಅಣ್ಣತಮ್ಮಂದಿರ ನಡುವೆಯೇ ಕಾಣಿಸಿಕೊಂಡಿದ್ದವು. ಒಂದೇ ತಾಯಿತಂದೆಯ ಮಕ್ಕಳಲ್ಲಿ ಮೊದಲು ಹುಟ್ಟಿದವನಿಗೂ ಆಮೇಲೆ ಹುಟ್ಟಿದವನಿಗೂ ಹೀಗೆ ವ್ಯತ್ಯಾಸ ಬರುತ್ತದೆಂದರೆ ಅದು ರಕ್ತದಲ್ಲಿ ಹರಿದು ಬಂದದ್ದಲ್ಲ, ಅವರು ಬೆಳೆದ ವಾತಾವರಣದಿಂದ ಬಂದದ್ದು. ವಾತಾವರಣದಿಂದ ಬಂದದ್ದನ್ನು ವಾತಾವರಣದಿಂದಲೇ ಸರಿಪಡಿಸಬಹುದು. ನಿಮ್ಮ ಮಗ ಮೊಬೈಲ್ ನೋಡಿದ್ದರಿಂದ ಮೊಮ್ಮಕ್ಕಳ ಬುದ್ಧಿ ಕಡಿಮೆಯಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ತಲೆಮಾರಿನಿಂದ ತಲೆಮಾರಿಗೆ ಖಂಡಿತವಾಗಿ ದಾಟುವುದು ಮನೆಯೊಳಗಿನ ಅಭ್ಯಾಸಗಳು: ಮಗುವಿನೊಂದಿಗೆ ಎಷ್ಟು ಮಾತನಾಡುತ್ತೇವೆ, ಹಿರಿಯರ ಮಾತಿಗೆ ಎಷ್ಟು ಕಿವಿಗೊಡುತ್ತೇವೆ, ಗೊತ್ತಿಲ್ಲದ್ದನ್ನು ಎಷ್ಟು ಹೊತ್ತು ಸ್ವಂತವಾಗಿ ಯೋಚಿಸುತ್ತೇವೆ ಎಂಬವು.

ಇನ್ನೂ ಒಂದು ಮಾತು. ಬುದ್ಧಿ ಎಂಬುದು ಒಂದೇ ಅಳತೆಗೋಲಿನಲ್ಲಿ ಸಿಗುವ ವಸ್ತುವಲ್ಲ. ಅಮೆರಿಕದ 3,94,000ಕ್ಕೂ ಹೆಚ್ಚು ವಯಸ್ಕರ 2006ರಿಂದ 2018ರವರೆಗಿನ ಆನ್‌ಲೈನ್ ಪರೀಕ್ಷೆಗಳ ವಿಶ್ಲೇಷಣೆ 2023ರಲ್ಲಿ ಪ್ರಕಟವಾಯಿತು. ಭಾಷೆಯ ಮೂಲಕ ತರ್ಕಿಸುವುದು, ಅಕ್ಷರ ಮತ್ತು ಸಂಖ್ಯೆಗಳ ಸರಣಿಯಲ್ಲಿ ಮುಂದಿನದನ್ನು ಹೇಳುವುದು, ಚಿತ್ರವಿನ್ಯಾಸದಲ್ಲಿ ನಿಯಮವನ್ನು ಗುರುತಿಸುವುದು ಇವುಗಳಲ್ಲಿ ಅಂಕ ಇಳಿದಿತ್ತು. ವಸ್ತುವೊಂದನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವ ಸಾಮರ್ಥ್ಯದಲ್ಲಿ ಏರಿತ್ತು. ಹೆಚ್ಚು ಬಳಸುವ ಸಾಮರ್ಥ್ಯ ಬೆಳೆಯುತ್ತದೆ, ಬಳಸದೆ ಬಿಟ್ಟದ್ದು ಸೊರಗುತ್ತದೆ ಎಂದು ಇದನ್ನು ಓದಲು ನನಗೆ ಮನಸ್ಸಾಗುತ್ತದೆ. ಆದರೆ ಪರೀಕ್ಷೆಯನ್ನು ಶ್ರದ್ಧೆಯಿಂದ ಬರೆಯುವ ಉತ್ಸಾಹ ಕಡಿಮೆಯಾದರೂ ಅಂಕ ಇಳಿಯುತ್ತದೆ. ಎದುರಿಗೆ ಕುಳಿತು ಪರೀಕ್ಷೆ ನಡೆಸುವ ನಮಗೆ ಇದು ದಿನನಿತ್ಯದ ಅನುಭವ.

‘ಮಿದುಳೇ ಬದಲಾಗುತ್ತಿದೆ’ ಎಂಬ ಮಾತು ಕೇಳಲು ಭಯಂಕರವಾಗಿದೆ. ಆದರೆ ಕಲಿತ ಪ್ರತಿಯೊಂದು ವಿದ್ಯೆಯೂ ಮಿದುಳನ್ನು ಬದಲಿಸುತ್ತದೆ. ಲಂಡನ್‌ನಲ್ಲಿ ಟ್ಯಾಕ್ಸಿ ಪರವಾನಗಿ ಪಡೆಯಲು ಸುಮಾರು 25,000 ಬೀದಿಗಳ ನಕ್ಷೆಯನ್ನು ಬಾಯಿಪಾಠ ಮಾಡಬೇಕು. ಹಾಗೆ ಕಲಿತು ಉತ್ತೀರ್ಣರಾದವರ ಮಿದುಳಿನಲ್ಲಿ, ದಾರಿಯ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಹಿಗ್ಗಿರುವುದನ್ನು ಎಲಿನಾರ್ ಮಗ್ವೈರ್ ಅವರ ತಂಡ 2011ರಲ್ಲಿ ತೋರಿಸಿತು. ಅನುತ್ತೀರ್ಣರಾದವರಲ್ಲಿ ಆ ಬದಲಾವಣೆ ಇರಲಿಲ್ಲ. ಬದಲಾವಣೆ ಎಂದರೆ ಹಾನಿಯಲ್ಲ. ಹಾಗೆಯೇ ಮನುಷ್ಯರ ಗಮನ 8 ಸೆಕೆಂಡಿಗೆ ಇಳಿದು ಗೋಲ್ಡ್‌ಫಿಶ್ ಮೀನಿಗಿಂತ ಕಡಿಮೆಯಾಗಿದೆ ಎಂಬ ಮಾತು 2015ರಿಂದ ಎಲ್ಲೆಡೆ ಹರಿದಾಡುತ್ತಿದೆ. ಅದಕ್ಕೆ ಯಾವ ವೈಜ್ಞಾನಿಕ ಅಳತೆಯೂ ಇಲ್ಲ. ನಿಜವಾಗಿ ಅಳೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್. ಕಂಪ್ಯೂಟರ್ ಮುಂದೆ ಕೆಲಸ ಮಾಡುವವರು ಒಂದು ಪರದೆಯ ಮೇಲೆ ಸರಾಸರಿ ಎಷ್ಟು ಹೊತ್ತು ನಿಲ್ಲುತ್ತಾರೆಂದು ನೋಡಿದಾಗ 2004ರಲ್ಲಿ ಅದು ಸುಮಾರು ಎರಡೂವರೆ ನಿಮಿಷವಿತ್ತು, ಈಚಿನ ಅಳತೆಗಳಲ್ಲಿ ಸುಮಾರು 47 ಸೆಕೆಂಡಿಗೆ ಬಂದಿದೆ. ಇದು ಗಮನ ಕೊಡುವ ಶಕ್ತಿ ನಶಿಸಿದೆ ಎಂಬುದರ ಲೆಕ್ಕವಲ್ಲ, ಗಮನ ಹರಿಸುವ ಅಭ್ಯಾಸ ತುಂಡಾಗಿದೆ ಎಂಬುದರ ಲೆಕ್ಕ. ಅಭ್ಯಾಸವನ್ನು ಮರಳಿ ಕೂಡಿಸಬಹುದು. ಅದೇ ಮಗ ಇಷ್ಟವಾದ ಆಟದಲ್ಲಿ ಎರಡು ಗಂಟೆ ಕದಲದೆ ಕೂರುವುದನ್ನು ನೀವೂ ನೋಡಿರುತ್ತೀರಿ.

ಈಗ ನಿಮ್ಮ ಮಗನ ವಿಷಯ. ಹೋಂವರ್ಕ್‌ನಲ್ಲಿ ಒಳ್ಳೆಯ ಅಂಕ, ಪರೀಕ್ಷೆಯಲ್ಲಿ ಕಡಿಮೆ ಎಂದು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅವನ ಸಮಸ್ಯೆಯೆಲ್ಲ ಆ ಅಂತರದಲ್ಲಿದೆ. ಇದು ಬುದ್ಧಿಯ ಕೊರತೆಯಲ್ಲ. ಟರ್ಕಿಯ ಒಂದು ಪ್ರೌಢಶಾಲೆಯ ಸುಮಾರು ಸಾವಿರ ವಿದ್ಯಾರ್ಥಿಗಳೊಂದಿಗೆ ಗಣಿತ ತರಗತಿಗಳಲ್ಲಿ ನಡೆದ ಪ್ರಯೋಗದ ವರದಿ 2025ರಲ್ಲಿ ಪ್ರಕಟವಾಗಿದೆ. ಕೇಳಿದ ಕೂಡಲೇ ಉತ್ತರ ಕೊಡುವ ಸಾಮಾನ್ಯ ಎಐ ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇ 48ರಷ್ಟು ಉತ್ತಮ ಸಾಧನೆ ತೋರಿದರು. ಆದರೆ ಎಐ ಇಲ್ಲದೆ ಪರೀಕ್ಷೆ ಬರೆಯಿಸಿದಾಗ, ಅದನ್ನು ಎಂದೂ ಬಳಸದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ತಾವು ಕಡಿಮೆ ಕಲಿತಿದ್ದೇವೆಂಬ ಅರಿವೂ ಅವರಿಗೆ ಇರಲಿಲ್ಲ. ಅದೇ ಪ್ರಯೋಗದಲ್ಲಿ ಇನ್ನೊಂದು ಗುಂಪಿಗೆ ನೇರ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ನೆರವಿನಿಂದ ರೂಪಿಸಿದ ಎಐ ಕೊಟ್ಟಿದ್ದರು. ಅವರು ಅಭ್ಯಾಸದಲ್ಲಿ ಇನ್ನೂ ಮುಂದಿದ್ದರು, ಪರೀಕ್ಷೆಯಲ್ಲಿ ಹಿಂದೆ ಬೀಳಲೂ ಇಲ್ಲ. ತಂತ್ರಜ್ಞಾನ ಒಂದೇ, ಯೋಚಿಸುವ ಶ್ರಮವನ್ನು ವಿದ್ಯಾರ್ಥಿಗೆ ಬಿಟ್ಟಿತೇ ಅಥವಾ ತಾನೇ ಹೊತ್ತುಕೊಂಡಿತೇ ಎಂಬುದರಲ್ಲಿ ಫಲ ಬೇರೆಯಾಯಿತು.

ಶ್ರಮಕ್ಕೆ ಇಷ್ಟು ಮಹತ್ವ ಏಕೆಂದರೆ, ನೆನಪು ಗಟ್ಟಿಯಾಗುವುದು ಒಳಗೆ ಹಾಕಿಕೊಳ್ಳುವಾಗಲ್ಲ, ಹೊರಗೆ ತೆಗೆಯುವಾಗ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ ಒಂದು ಪಾಠವನ್ನು ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರ ಶೇ 81ರಷ್ಟು ಹೇಳಿದರೆ, ಮತ್ತೆ ಓದದೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಶೇ 75ರಷ್ಟು ಹೇಳಿದರು. ವಾರ ಕಳೆದ ಮೇಲೆ ಲೆಕ್ಕ ತಿರುಗಿತು: ಮತ್ತೆ ಓದಿದವರಲ್ಲಿ ಶೇ 42 ಉಳಿದಿತ್ತು, ನೆನಪಿನಿಂದ ಬರೆದವರಲ್ಲಿ ಶೇ 56. ಸುಲಭವಾಗಿ ಸಾಗುತ್ತಿದೆ ಎನ್ನಿಸುವ ಓದು ಬೇಗ ಕರಗುತ್ತದೆ, ತಿಣುಕಾಡಿದ್ದು ಉಳಿಯುತ್ತದೆ. ನಿಮ್ಮ ಮಗ ತಿಣುಕಾಡುವ ಆ ಹತ್ತು ನಿಮಿಷಗಳನ್ನೇ ಎಐಗೆ ಒಪ್ಪಿಸುತ್ತಿದ್ದಾನೆ.

ಹಿಂದೆ ಕ್ಯಾಲ್ಕ್ಯುಲೇಟರ್ ಬಗ್ಗೆಯೂ ಇದೇ ಆತಂಕವಿತ್ತು. 1986ರಲ್ಲಿ ಹೆಂಬ್ರೀ ಮತ್ತು ಡೆಸಾರ್ಟ್ 79 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪಾಠದ ಜೊತೆಗೆ ಕ್ಯಾಲ್ಕ್ಯುಲೇಟರ್ ಬಳಸಿದ ಮಕ್ಕಳ ಮೂಲ ಗಣಿತ ಸಾಮರ್ಥ್ಯ ಕುಸಿದಿರಲಿಲ್ಲ. ಒಂದು ತರಗತಿ ಮಾತ್ರ ಇದಕ್ಕೆ ಅಪವಾದವಾಗಿತ್ತು. ನಾಲ್ಕನೆಯ ತರಗತಿಯಲ್ಲಿ ಅದನ್ನು ಸತತವಾಗಿ ಬಳಸಿದ ಸಾಮಾನ್ಯ ಮಕ್ಕಳ ಮೂಲ ಲೆಕ್ಕಗಳಿಗೆ ತೊಂದರೆಯಾಗುತ್ತಿತ್ತು. ಆ ವಯಸ್ಸು ಕೈಲೆಕ್ಕ ರೂಢಿಯಾಗುವ ಹೊತ್ತು ಎಂಬುದನ್ನು ನೆನೆದರೆ ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಕೌಶಲ ಬೇರೂರಿದ ಮೇಲೆ ಯಂತ್ರದ ನೆರವು ಹೊರೆ ಇಳಿಸುತ್ತದೆ, ಬೇರೂರುವ ಮೊದಲೇ ಬಂದರೆ ಬೇರನ್ನೇ ತಡೆಯುತ್ತದೆ. ಪ್ರಬಂಧ ಬರೆಯುವುದನ್ನು ಇನ್ನೂ ಕಲಿಯುತ್ತಿರುವ 15ರ ಹುಡುಗನಿಗೂ, ದಿನಕ್ಕೆ ಹತ್ತು ವರದಿ ಬರೆಯುವ ನಿಮಗೂ ಎಐ ಒಂದೇ ಆಗಿರಲಾರದು.

ಅವನಿಂದ ಎಐ ಕಿತ್ತುಕೊಳ್ಳಬೇಡಿ. ಅದು ಬರುವ ಹೊತ್ತನ್ನು ಬದಲಿಸಿ. ಮೊದಲು ಕಾಗದದ ಮೇಲೆ ಸ್ವಂತ ಪ್ರಯತ್ನ, ತಪ್ಪಾದರೂ ಸರಿ. ಆಮೇಲೆ ಎಐಗೆ ‘ಉತ್ತರ ಹೇಳಬೇಡ, ಎಲ್ಲಿ ತಪ್ಪಿದೆ ಎಂದು ಮಾತ್ರ ಹೇಳು’ ಎಂದು ಕೇಳುವುದು. ಕೊನೆಗೆ ಮೊಬೈಲ್ ಪಕ್ಕಕ್ಕಿಟ್ಟು ಅದೇ ಲೆಕ್ಕವನ್ನು ಮರುದಿನ ಮತ್ತೆ ಮಾಡುವುದು. ಇದಕ್ಕೆ ಹೆಚ್ಚು ಸಮಯ ಬೇಕು, ಹೋಂವರ್ಕ್ ಅಂಕ ಮೊದಲು ಕೆಲವು ವಾರ ಇಳಿಯುತ್ತದೆ. ಆ ಇಳಿಕೆಗೆ ನೀವು ಬೈದರೆ ಅವನು ಮತ್ತೆ ಹಳೆಯ ದಾರಿ ಹಿಡಿಯುತ್ತಾನೆ. ಹಾಗಾಗಿ ಶಿಕ್ಷಕರಿಗೂ ಮೊದಲೇ ತಿಳಿಸಿಡಿ. ಪಾಠದ ಪುಸ್ತಕವನ್ನು ಮುದ್ರಿತ ರೂಪದಲ್ಲಿಯೇ ಓದಲಿ. ಕಾಗದ ಮತ್ತು ಪರದೆಯ ಓದನ್ನು ಹೋಲಿಸಿದ 54 ಅಧ್ಯಯನಗಳ ಸಮೀಕ್ಷೆಯೊಂದು 2018ರಲ್ಲಿ ಬಂದಿದೆ. ಮಾಹಿತಿ ಕೊಡುವ ಪಠ್ಯಗಳಲ್ಲಿ, ಅದರಲ್ಲಿಯೂ ಸಮಯದ ಒತ್ತಡವಿದ್ದಾಗ, ಕಾಗದದ ಮೇಲೆ ಓದಿದವರ ಗ್ರಹಿಕೆ ಮೇಲಾಗಿತ್ತು. ಕಥೆಯ ಓದಿನಲ್ಲಿ ವ್ಯತ್ಯಾಸವಿರಲಿಲ್ಲ. ನಿದ್ದೆಯ ಬಗ್ಗೆ ನೀವು ಬರೆದಿಲ್ಲ, ಆದರೆ ನಾನು ಕೇಳಲೇಬೇಕು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದವರಲ್ಲಿ ನಾನು ನೋಡುವ ಮರೆವು, ಸಿಡುಕು, ಗಮನದ ಕೊರತೆಗಳಲ್ಲಿ ಒಳ್ಳೆಯ ಪಾಲು ರಾತ್ರಿ ಹಾಸಿಗೆಯಲ್ಲಿರುವ ಮೊಬೈಲ್‌ನಿಂದ ನಿದ್ದೆ ಕೆಟ್ಟು ಬಂದದ್ದು.

ಮಗಳ ವಿಷಯ ಬೇರೆ, ಇಲ್ಲಿ ನಾನು ಹೆಚ್ಚು ಕಟ್ಟುನಿಟ್ಟಾಗಿ ಮಾತನಾಡುತ್ತೇನೆ. ಮಾತು ಕಲಿಯಲು ಮಗುವಿಗೆ ಧ್ವನಿ ಕೇಳಿದರೆ ಸಾಲದು, ತನಗೆ ಪ್ರತಿಯಾಗಿ ಸ್ಪಂದಿಸುವ ಮನುಷ್ಯರು ಬೇಕು. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳ ಜೊತೆ ಚೀನಾದ ಮ್ಯಾಂಡರಿನ್ ಭಾಷೆ ಆಡುವವರು 12 ಬಾರಿ ಕುಳಿತು ಆಟವಾಡುತ್ತ ಮಾತನಾಡಿದರು. ಆ ಕೂಸುಗಳು ಮ್ಯಾಂಡರಿನ್‌ನ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಜನರನ್ನು, ಅದೇ ಮಾತುಗಳನ್ನು ವಿಡಿಯೊದಲ್ಲಿ ತೋರಿಸಿದ ಕೂಸುಗಳು ಏನೂ ಕಲಿಯಲಿಲ್ಲ. ಆದರೆ ಪರದೆಯೇ ದೋಷವೆಂದು ತೀರ್ಮಾನಿಸುವಂತಿಲ್ಲ. 2014ರ ಇನ್ನೊಂದು ಪ್ರಯೋಗದಲ್ಲಿ, ನಿಮ್ಮ ಮಗಳ ವಯಸ್ಸಿನ ಮಕ್ಕಳು ವಿಡಿಯೊ ಕರೆಯಲ್ಲಿ ತಮ್ಮೊಂದಿಗೆ ನೇರವಾಗಿ ಮಾತನಾಡಿದವರಿಂದ ಹೊಸ ಪದಗಳನ್ನು ಕಲಿತರು, ಎದುರಿಗೆ ಕುಳಿತವರಿಂದ ಕಲಿತಷ್ಟೇ ಚೆನ್ನಾಗಿ; ಮುದ್ರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಮಗು ನಕ್ಕಾಗ ನಗುವ, ಕೇಳಿದ್ದಕ್ಕೆ ಉತ್ತರಿಸುವ ಮುಖ ಆ ಕಡೆ ಇದೆಯೇ ಎಂಬುದೇ ವ್ಯತ್ಯಾಸ. ದೂರದಲ್ಲಿರುವ ಸೋದರಮಾವನೊಂದಿಗೆ ಮಗಳು ವಿಡಿಯೊ ಕರೆಯಲ್ಲಿ ಹರಟಿದರೆ ನಾನು ಅದನ್ನು ಮೊಬೈಲ್ ಸಮಯದ ಲೆಕ್ಕಕ್ಕೆ ಸೇರಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಆದರೆ ದಯವಿಟ್ಟು ಮಾತು ತಡವಾಗಿರುವುದಕ್ಕೆ ಮೊಬೈಲೇ ಕಾರಣವೆಂದು ನಂಬಿ ಕಾಯುತ್ತ ಕೂರಬೇಡಿ. ಎರಡು ವರ್ಷ ತುಂಬುವ ಹೊತ್ತಿಗೆ ಬಹುತೇಕ ಮಕ್ಕಳು ಎರಡು ಪದಗಳನ್ನು ಜೋಡಿಸಿ ಮಾತನಾಡುತ್ತಾರೆ. ಎರಡೂವರೆಯಲ್ಲಿಯೂ ಅದು ಬಂದಿಲ್ಲವೆಂದರೆ ಮೊದಲು ಶ್ರವಣ ಪರೀಕ್ಷೆ, ಆಮೇಲೆ ವಾಕ್ ತಜ್ಞರ ಭೇಟಿ ಆಗಬೇಕು. ಕಿವಿ ಸರಿಯಾಗಿ ಕೇಳಿಸದ ಮಗುವೂ ಮಾತಿಗಿಂತ ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಬೆಳವಣಿಗೆಯ ಇತರ ತೊಂದರೆಗಳಿರುವ ಮಗುವೂ ಹಾಗೆಯೇ. ಕಾರಣ ಮತ್ತು ಪರಿಣಾಮ ಅದಲುಬದಲಾಗಿ ಕಾಣುವುದು ಇಂಥಲ್ಲಿಯೇ. ಮೊಬೈಲ್ ನಿಲ್ಲಿಸಿದಾಗ ಮೊದಲ ಕೆಲವು ದಿನ ಅಳು ಜೋರಾಗುತ್ತದೆ. ಆ ದಿನಗಳಲ್ಲಿ ಮಧ್ಯೆ ಸೋತು ಒಮ್ಮೆ ಕೊಟ್ಟರೆ, ಇನ್ನಷ್ಟು ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಆದ್ದರಿಂದ ಮನೆಯಲ್ಲಿ ಇಬ್ಬರಾದರೂ ಬಿಡುವಾಗಿರುವ ದಿನಗಳನ್ನು ಆರಿಸಿಕೊಂಡು ಶುರುಮಾಡಿ.

ತಾಯಿಯವರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅವರೇ. ನೆನಪಿನ ದೂರಿನೊಂದಿಗೆ ಬರುವ ಹಿರಿಯರ ಮನೆಯವರನ್ನು ನಾನು ಮೊದಲು ಕೇಳುವುದು ಕಿವಿಯ ಬಗ್ಗೆ. ವಯಸ್ಸಾದಂತೆ ಕಡಿಮೆಯಾಗುವ ಶ್ರವಣ ಸದ್ದಿಲ್ಲದೆ ಬರುತ್ತದೆ. ಒಬ್ಬರೇ ಎದುರಿಗೆ ಕುಳಿತು ಮಾತನಾಡಿದರೆ ತಿಳಿಯುತ್ತದೆ, ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಪದಗಳು ಕಲಸಿಹೋಗುತ್ತವೆ. ಮತ್ತೆ ಮತ್ತೆ ‘ಏನೆಂದೆ?’ ಎಂದು ಕೇಳಲು ಸಂಕೋಚ. ಕ್ರಮೇಣ ಮಾತುಕತೆಯಿಂದಲೇ ಹಿಂದೆ ಸರಿಯುತ್ತಾರೆ. ಇಯರ್‌ಫೋನ್‌ನಲ್ಲಿಯಾದರೆ ಧ್ವನಿ ಬೇಕಾದಷ್ಟು ಏರಿಸಬಹುದು, ಅರ್ಥವಾಗದಿದ್ದರೆ ಹಿಂದಕ್ಕೆ ಓಡಿಸಿ ಕೇಳಬಹುದು, ಯಾರೂ ಮುಖ ಸಿಂಡರಿಸುವುದಿಲ್ಲ. ಆಗ ಮನೆಯವರಿಗೆ ಅಮ್ಮ ಮೊಬೈಲ್‌ಗೆ ಅಂಟಿಕೊಂಡಿದ್ದಾರೆ ಎಂದು ಕಾಣುತ್ತದೆ. ಸರಿಯಾಗಿ ಕೇಳಿಸಿಕೊಳ್ಳದ ಮಾತು ನೆನಪಿನಲ್ಲಿಯೂ ಉಳಿಯುವುದಿಲ್ಲವಾದ್ದರಿಂದ ಅದು ಮರೆವಿನಂತೆಯೂ ಕಾಣುತ್ತದೆ. ನಿಮ್ಮ ತಾಯಿಯವರಿಗೆ ಇದೇ ಆಗಿದೆ ಎಂದು ಪತ್ರ ಓದಿ ಹೇಳಲಾರೆ, ಆದರೆ ಪರೀಕ್ಷಿಸದೆ ಬಿಡುವಂತಿಲ್ಲ. ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಯೋಚನಾಶಕ್ತಿ ಕುಗ್ಗುವ ಕಾಯಿಲೆ, ಕುರಿತು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರ ವರದಿಯಲ್ಲಿ ಗುರುತಿಸಿದ, ತಿದ್ದಿಕೊಳ್ಳಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣ ನಷ್ಟವೂ ಒಂದು, ಜನಸಂಪರ್ಕ ಕಡಿಮೆಯಾಗುವುದೂ ಒಂದು. ಅಮೆರಿಕದಲ್ಲಿ 70 ದಾಟಿದ ಸುಮಾರು ಸಾವಿರ ಮಂದಿಯೊಂದಿಗೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶ್ರವಣ ಸಾಧನ ಕೊಟ್ಟದ್ದರಿಂದ ಒಟ್ಟಾರೆಯಾಗಿ ಎದ್ದುಕಾಣುವ ವ್ಯತ್ಯಾಸವಾಗಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಗ್ರಹಿಕೆಯ, ಎಂದರೆ ನೆನಪು ಮತ್ತು ಯೋಚನೆಯ ಶಕ್ತಿಯ, ಇಳಿಕೆ ಶೇ 48ರಷ್ಟು ನಿಧಾನವಾಯಿತು.

ಶ್ರವಣ ಪರೀಕ್ಷೆಯ ಜೊತೆಗೆ ವೈದ್ಯರಲ್ಲಿ ವಿಟಮಿನ್ ಬಿ12, ಥೈರಾಯ್ಡ್, ನಿದ್ದೆಯ ತೊಂದರೆ, ಖಿನ್ನತೆ ಮತ್ತು ಅವರು ಸೇವಿಸುತ್ತಿರುವ ಔಷಧಿಗಳನ್ನು ಪರಿಶೀಲಿಸಲು ಕೇಳಿ. ಇವೆಲ್ಲವೂ ಮರೆವನ್ನು ತರಬಲ್ಲವು, ಬಹುಮಟ್ಟಿಗೆ ಚಿಕಿತ್ಸೆಗೂ ಒಗ್ಗುತ್ತವೆ. ಮೊಬೈಲ್ ಹಿರಿಯರ ಮಿದುಳನ್ನು ಕೆಡಿಸುತ್ತದೆ ಎಂಬ ಭಯವನ್ನಂತೂ ಬಿಟ್ಟುಬಿಡಿ. 57 ಅಧ್ಯಯನಗಳ 4,11,000ಕ್ಕೂ ಹೆಚ್ಚು ಹಿರಿಯರ ಮಾಹಿತಿಯನ್ನು ಒಟ್ಟುಗೂಡಿಸಿದ 2025ರ ವಿಶ್ಲೇಷಣೆಯಲ್ಲಿ, ಡಿಜಿಟಲ್ ಸಾಧನ ಬಳಸುವವರಲ್ಲಿ ಗ್ರಹಿಕೆಯ ತೊಂದರೆಯ ಸಂಭವ ಶೇ 58ರಷ್ಟು ಕಡಿಮೆಯಿತ್ತು. ಚುರುಕಾಗಿರುವವರೇ ಸಾಧನಗಳನ್ನು ಹೆಚ್ಚು ಬಳಸುತ್ತಾರೆ ಎಂಬುದೂ ಇದಕ್ಕೆ ಒಂದು ಕಾರಣವಾಗಿರಬಹುದು. ಆದರೂ ಹಾನಿಯ ಸುಳಿವಂತೂ ಇಲ್ಲ. ಏನು ಮಾಡುತ್ತಾರೆ ಎಂಬುದು ಮುಖ್ಯ. ಡೆನಿಸ್ ಪಾರ್ಕ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ತಿಂಗಳು ವಾರಕ್ಕೆ ಸುಮಾರು 15 ಗಂಟೆ ಡಿಜಿಟಲ್ ಛಾಯಾಗ್ರಹಣದಂಥ ಹೊಸ ವಿದ್ಯೆ ಕಲಿತ ಹಿರಿಯರ ನೆನಪು ಸುಧಾರಿಸಿತು. ಕೇವಲ ಒಟ್ಟಿಗೆ ಕುಳಿತು ಹರಟಿದ ಗುಂಪಿನವರದು ಅಷ್ಟು ಸುಧಾರಿಸಲಿಲ್ಲ. ಒಂದರ ಹಿಂದೆ ಒಂದು ತಾನಾಗಿ ಓಡುವ ವಿಡಿಯೊ ನೋಡುವುದಕ್ಕೂ, ಹಳೆಯ ಚಿತ್ರಗಳನ್ನು ಜೋಡಿಸಿ ಮೊಮ್ಮಗಳಿಗಾಗಿ ಒಂದು ಆಲ್ಬಂ ಮಾಡುವುದಕ್ಕೂ ಮೊಬೈಲ್ ಒಂದೇ, ಮಿದುಳಿನ ಕೆಲಸ ಒಂದೇ ಅಲ್ಲ. ಮೊಬೈಲ್‌ನಲ್ಲಿ ಸಿಗುವ ‘ಮಿದುಳು ಚುರುಕುಗೊಳಿಸುವ’ ಆಟಗಳಿಗೆ ಹಣ ಸುರಿಯಬೇಡಿ. ಅವುಗಳನ್ನು ಆಡುವವರು ಬಹುಮಟ್ಟಿಗೆ ಆ ಆಟದಲ್ಲಿಯೇ ಚುರುಕಾಗುತ್ತಾರೆ.

ಐವರೂ ಒಂದೇ ಕೋಣೆಯಲ್ಲಿ ಕುಳಿತೂ ಮಾತಿಲ್ಲ ಎಂದಿದ್ದೀರಿ. ತಂತ್ರಜ್ಞಾನ ಒಡನಾಟವನ್ನು ಕೊಲ್ಲುತ್ತದೆಯೇ ಎಂಬ ಪ್ರಶ್ನೆಗೂ ಸರಳ ಉತ್ತರವಿಲ್ಲ. ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್‌ನ ಕುಟುಂಬಗಳಿಗೆ ಮೊದಲ ಬಾರಿಗೆ ಕಂಪ್ಯೂಟರ್ ಮತ್ತು ಇಂಟರ್ನೆಟ್ ಕೊಟ್ಟು ಗಮನಿಸಿದಾಗ, ಹೆಚ್ಚು ಬಳಸಿದವರಲ್ಲಿ ಮನೆಯವರೊಂದಿಗಿನ ಮಾತು ಕಡಿಮೆಯಾಗಿ ಒಂಟಿತನ ತುಸು ಹೆಚ್ಚಿತೆಂದು 1998ರಲ್ಲಿ ವರದಿ ಮಾಡಿದರು. ಅದೇ ಸಂಶೋಧಕರು 2002ರಲ್ಲಿ ಬರೆದ ಮುಂದಿನ ವರದಿಯಲ್ಲಿ ಆ ಪರಿಣಾಮ ಬಹುಮಟ್ಟಿಗೆ ಕರಗಿತ್ತು. ಹೊಸದಾಗಿ ನೋಡಿದ ಗುಂಪಿನಲ್ಲಿ ಮೊದಲೇ ಬೆರೆಯುವ ಸ್ವಭಾವದವರಿಗೆ ಇಂಟರ್ನೆಟ್ ಲಾಭ ತಂದಿತ್ತು, ಒಳಮುಖ ಸ್ವಭಾವದವರಿಗೆ ಅಷ್ಟು ಒಳಿತಾಗಿರಲಿಲ್ಲ. 3,55,000ಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಪರಿಶೀಲಿಸಿದ 2019ರ ಅಧ್ಯಯನದಲ್ಲಿ, ಅವರ ನೆಮ್ಮದಿಯಲ್ಲಿನ ವ್ಯತ್ಯಾಸದ ಹೆಚ್ಚೆಂದರೆ ಶೇ 0.4ರಷ್ಟನ್ನು ಮಾತ್ರ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾಗಿತ್ತು. ಇದು ಸರಾಸರಿಯ ಲೆಕ್ಕ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನಥನ್ ಹೈಟ್‌ರಂಥವರು ಸಾಮಾಜಿಕ ಜಾಲತಾಣ, ಅದರಲ್ಲಿಯೂ ಹುಡುಗಿಯರಿಗೆ, ಇದಕ್ಕಿಂತ ಬಹಳ ಹೆಚ್ಚು ಹಾನಿ ಮಾಡಿದೆಯೆಂದು ವಾದಿಸುತ್ತಾರೆ. ಆ ಚರ್ಚೆ ಮುಗಿದಿಲ್ಲ, ಮತ್ತು ಸರಾಸರಿ ಚಿಕ್ಕದೆಂಬ ಕಾರಣಕ್ಕೆ ನಿಮ್ಮ ಮನೆಯ ಮೌನವೂ ಚಿಕ್ಕದೆಂದು ನಾನು ಹೇಳುವುದಿಲ್ಲ.

ಬಳಕೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಒಳ್ಳೆಯ ಪ್ರಯೋಗವಿದೆ. 2018ರಲ್ಲಿ ಅಮೆರಿಕದಲ್ಲಿ ಕೆಲವರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಖಾತೆ ನಿಲ್ಲಿಸಲಾಯಿತು. ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಸ್ನೇಹಿತರು ಮತ್ತು ಮನೆಯವರೊಂದಿಗೆ ಕಳೆಯುವ ಹೊತ್ತು ಹೆಚ್ಚಿತು, ನೆಮ್ಮದಿಯೂ ತುಸು ಏರಿತು, ಸುದ್ದಿಯ ತಿಳಿವಳಿಕೆ ಮಾತ್ರ ಇಳಿಯಿತು. ಲಾಭ ಇತ್ತು, ಆದರೆ ಪವಾಡವಲ್ಲ.

ಎಲ್ಲರ ಮೊಬೈಲ್ ಕಿತ್ತಿಡುವುದು ನಿಮ್ಮ ಮನೆಗೆ ಹೊಂದುವ ದಾರಿಯೆಂದು ನನಗೆ ಅನ್ನಿಸುವುದಿಲ್ಲ. ಮಗನ ಗೆಳೆತನದ ದೊಡ್ಡ ಭಾಗ ಅಲ್ಲಿದೆ. ಒಮ್ಮೆಲೇ ಕಿತ್ತರೆ ಅವನು ಗುಂಪಿನಿಂದ ಹೊರಬೀಳುತ್ತಾನೆ ಅಥವಾ ಬಚ್ಚಿಟ್ಟು ಬಳಸುತ್ತಾನೆ, ಆಮೇಲೆ ಏನಾದರೂ ತೊಂದರೆಯಾದರೆ ನಿಮಗೆ ಹೇಳಲೂ ಆಗದ ಸ್ಥಿತಿಗೆ ಬರುತ್ತಾನೆ. ತಾಯಿಯವರಿಗೆ ಅದು ಇರುವ ಒಂದೇ ಕಿಟಕಿಯನ್ನೂ ಮುಚ್ಚಿದಂತೆ. ನಿಗಾ ಆ್ಯಪ್‌ಗಳು ಚಿಕ್ಕ ಮಕ್ಕಳಿಗೆ ಸರಿ. 15ರ ಹುಡುಗನ ಮೇಲೆ ಅವನಿಗೆ ತಿಳಿಯದಂತೆ ಹಾಕಿದರೆ ನಂಬಿಕೆ ಹೋಗುತ್ತದೆ. ಗಂಟೆಗಳ ಮಿತಿ ಹಾಕುವುದು ಸುಲಭ, ಆದರೆ ದಿನವೂ ಜಗಳಕ್ಕೆ ದಾರಿ. ನನ್ನ ಅನುಭವದಲ್ಲಿ ಹೆಚ್ಚು ಕಾಲ ನಿಲ್ಲುವುದು ಜಾಗ ಮತ್ತು ಹೊತ್ತಿನ ನಿಯಮ. ಊಟದ ಹೊತ್ತಿನಲ್ಲಿ ಎಲ್ಲರ ಮೊಬೈಲೂ ಬೇರೆ ಕೋಣೆಯಲ್ಲಿ, ರಾತ್ರಿ ಎಲ್ಲರದೂ ಮಲಗುವ ಕೋಣೆಯ ಹೊರಗೆ ಚಾರ್ಜ್‌ಗೆ.

‘ಎಲ್ಲರ’ ಎಂದಾಗ ನಿಮ್ಮಿಬ್ಬರನ್ನೂ ಸೇರಿಸಿ ಹೇಳುತ್ತಿದ್ದೇನೆ, ಇದನ್ನು ದೂರಿನಂತೆ ತೆಗೆದುಕೊಳ್ಳಬೇಡಿ. ಎಡ್ವರ್ಡ್ ಟ್ರಾನಿಕ್ 1978ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಕೂಸಿನ ಮುಂದೆ ತಾಯಿ ಕೆಲವೇ ನಿಮಿಷ ಭಾವನೆಯಿಲ್ಲದ ಮುಖ ಮಾಡಿಕೊಂಡು ಕುಳಿತರೆ, ಕೂಸು ಮೊದಲು ನಕ್ಕು, ಕೈಚಾಚಿ ಅವಳನ್ನು ಕರೆಯಲು ಯತ್ನಿಸಿ, ಆಮೇಲೆ ಮುಖ ತಿರುಗಿಸಿ ಹಿಂದೆ ಸರಿಯಿತು. ಕಚೇರಿಯ ಸಂದೇಶ ಓದುವಾಗ ನಮ್ಮ ಮುಖ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ನಿಮ್ಮ ಮಗಳು ಅಳುವುದು ಬರೀ ಮೊಬೈಲ್‌ಗಾಗಿ ಇರಲಾರದು. ಕಚೇರಿಯ ಕೆಲಸ ತಪ್ಪಿಸಲಾಗದಿದ್ದರೆ ಅದಕ್ಕೆ ಒಂದು ನಿಶ್ಚಿತ ಹೊತ್ತು ಇಟ್ಟು, ‘ಈಗ ಅಮ್ಮನಿಗೆ ಕೆಲಸವಿದೆ, ಆಮೇಲೆ ಬರುತ್ತೇನೆ’ ಎಂದು ಹೇಳಿ ಬೇರೆ ಕೋಣೆಗೆ ಹೋಗಿ ಮಾಡಿ. ಮಗುವಿಗೆ ಅಮ್ಮ ಇಲ್ಲದಿರುವುದಕ್ಕಿಂತ, ಎದುರಿಗಿದ್ದೂ ಉತ್ತರಿಸದಿರುವುದು ಹೆಚ್ಚು ಗೊಂದಲ ತರುತ್ತದೆ.

ಮೊಬೈಲ್ ತೆಗೆದಾಗ ತೆರವಾಗುವ ಜಾಗಕ್ಕೆ ಏನು ಬರುತ್ತದೆ ಎಂದು ಮೊದಲೇ ಯೋಚಿಸಿಡಿ, ಇಲ್ಲವಾದರೆ ಬೇಸರ ಬಂದು ಕುಳಿತುಕೊಳ್ಳುತ್ತದೆ. ಮೂರು ತಲೆಮಾರು ಒಟ್ಟಿಗಿರುವುದು ಇಲ್ಲಿ ನಿಮಗೆ ಒದಗಿರುವ ದೊಡ್ಡ ಅನುಕೂಲ. ಮಗ ಆ ದಿನ ಕಲಿತ ಒಂದು ಪಾಠವನ್ನು ಪುಸ್ತಕ ನೋಡದೆ ಅಜ್ಜಿಗೆ ವಿವರಿಸಲಿ. ಅದು ಅವನಿಗೆ ನೆನಪಿನಿಂದ ಹೊರತೆಗೆಯುವ ಅಭ್ಯಾಸವೂ ಹೌದು, ಅಜ್ಜಿಗೆ ಒಬ್ಬರ ಎದುರು ಕುಳಿತು ಆಡುವ ಸ್ಪಷ್ಟ ಮಾತೂ ಹೌದು. ಅಜ್ಜಿ ಮೊಮ್ಮಗಳಿಗೆ ಕಥೆ ಹೇಳಲಿ. ಎರಡೂವರೆ ವರ್ಷದ ಮಗುವಿನೊಂದಿಗೆ ನಿಧಾನವಾಗಿ, ಮತ್ತೆ ಮತ್ತೆ ಮಾತನಾಡುವ ವ್ಯವಧಾನ ಕೆಲಸಕ್ಕೆ ಹೋಗುವ ನಿಮಗಿಂತ ಅವರಲ್ಲಿ ಹೆಚ್ಚಿದೆ. ಮೊಬೈಲ್‌ನಲ್ಲಿ ಹೊಸದೇನನ್ನಾದರೂ ಕಲಿಸಲು ಮಗನೇ ಅಜ್ಜಿಗೆ ಗುರುವಾಗಲಿ. ತನಗೆ ಬರುವ ವಿದ್ಯೆಗೆ ಮನೆಯಲ್ಲಿ ಬೆಲೆಯಿದೆ ಎಂದು ಕಂಡ ಹುಡುಗ ನಿಯಮಗಳನ್ನು ಸುಲಭವಾಗಿ ಒಪ್ಪುತ್ತಾನೆ.

ಎಲ್ಲವನ್ನೂ ಒಂದೇ ವಾರ ಶುರುಮಾಡಬೇಡಿ. ಮೊದಲು ತಾಯಿ ಮತ್ತು ಮಗಳ ಶ್ರವಣ ಪರೀಕ್ಷೆ ಮಾಡಿಸಿ, ಅವೆರಡಕ್ಕೆ ಕಾಯುವಂತಿಲ್ಲ. ಅದರ ಜೊತೆಗೆ ಊಟದ ಹೊತ್ತಿನ ನಿಯಮವೊಂದನ್ನು ಮಾತ್ರ ಜಾರಿಗೆ ತನ್ನಿ. ರಾತ್ರಿಯ ನಿಯಮ ಅದು ರೂಢಿಯಾದ ಮೇಲೆ ಬರಲಿ. ಮಗನ ಎಐ ಬಳಕೆಯ ಕ್ರಮವನ್ನು ಪರೀಕ್ಷೆ ಹತ್ತಿರವಿಲ್ಲದ ತಿಂಗಳಲ್ಲಿ ಬದಲಿಸಿ. ತಾಯಿಯವರು ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕದಲ್ಲಿ ಪದೇ ಪದೇ ಎಡವುವುದು, ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ಹಲವು ಬಾರಿ ಕೇಳುವುದು ಕಂಡುಬಂದರೆ ಕಿವಿಯ ಪರೀಕ್ಷೆಯ ಫಲಿತಾಂಶ ಏನೇ ಇರಲಿ, ನರರೋಗ ತಜ್ಞರಲ್ಲಿ ನೆನಪಿನ ಪೂರ್ಣ ಪರೀಕ್ಷೆಗೆ ಕರೆದುಕೊಂಡು ಹೋಗಿ. ಹೋಗುವಾಗ ಅವರು ಸೇವಿಸುವ ಎಲ್ಲ ಔಷಧಿಗಳ ಪಟ್ಟಿಯೂ, ಬದಲಾವಣೆ ಯಾವಾಗಿನಿಂದ ಕಂಡಿತೆಂಬ ಟಿಪ್ಪಣಿಯೂ ನಿಮ್ಮ ಕೈಯಲ್ಲಿರಲಿ.